ಸಿಂಗಲ್ ಕ್ಯಾಮೆರಾವೋ, ಮಲ್ಟಿ ಕ್ಯಾಮೆರಾವೋ? ಸಿಟ್‌ಕಾಮ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಸಿಟ್‌ಕಾಮ್, ಅಂದರೆ ಅವೇ ಪಾತ್ರಗಳು ಮತ್ತೆ ಮತ್ತೆ ಬರುವ ಟಿವಿ ಹಾಸ್ಯ ಸರಣಿ, ಬರೆಯಲು ಕೂತವರು ಮೊದಲು ಪಾತ್ರಗಳ ಬಗ್ಗೆ ಯೋಚಿಸುತ್ತಾರೆ. ಆಮೇಲೆ ಕಥೆ, ಆಮೇಲೆ ಜೋಕು. ಕ್ಯಾಮೆರಾ ಮಾತು ಬಂದರೆ ‘ಅದನ್ನು ಡೈರೆಕ್ಟರ್ ನೋಡಿಕೊಳ್ಳುತ್ತಾರೆ’ ಅಂತ ಪಕ್ಕಕ್ಕಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಿಂಗಲ್ ಕ್ಯಾಮೆರಾವೋ ಮಲ್ಟಿ ಕ್ಯಾಮೆರಾವೋ ಅನ್ನುವ ತೀರ್ಮಾನ ಮೊದಲ ಪುಟದಿಂದಲೇ ಕೆಲಸ ಮಾಡುತ್ತದೆ. ದೃಶ್ಯ ಎಷ್ಟು ಉದ್ದ ಇರಬೇಕು, ಎಷ್ಟು ಜಾಗ ಬೇಕು, ನಟರು ಮಾತಿನ ಮಧ್ಯೆ ಎಲ್ಲಿ ತಡೆದು ನಿಲ್ಲಬೇಕು, ಎಲ್ಲವೂ ಅದರ ಮೇಲೆ ನಿಂತಿವೆ.

ಮೊದಲೇ ಒಂದು ಗೊಂದಲ ಬಿಡಿಸಿಬಿಡೋಣ. ಸಿಂಗಲ್ ಕ್ಯಾಮೆರಾ ಅಂದ ಮಾತ್ರಕ್ಕೆ ಸೆಟ್ಟಿನಲ್ಲಿ ಒಂದೇ ಕ್ಯಾಮೆರಾ ಇರಬೇಕು ಅಂತೇನಿಲ್ಲ. ‘ದಿ ಆಫೀಸ್’ ಸರಣಿಯ ಅಮೆರಿಕದ ಆವೃತ್ತಿಯನ್ನೂ ‘ಮಾಡರ್ನ್ ಫ್ಯಾಮಿಲಿ’ಯನ್ನೂ ಸಿಂಗಲ್ ಕ್ಯಾಮೆರಾ ಅಂತಲೇ ಕರೆಯುತ್ತಾರೆ. ಎರಡರಲ್ಲೂ ಸಾಮಾನ್ಯವಾಗಿ ಎರಡು ಕ್ಯಾಮೆರಾ ಓಡುತ್ತಿದ್ದವು. ಈ ಹೆಸರು ಬಂದಿರುವುದು ಕೆಲಸ ಮಾಡುವ ಕ್ರಮದಿಂದ. ಸಿಂಗಲ್ ಕ್ಯಾಮೆರಾ ಸಿನಿಮಾದ ದಾರಿ: ಒಂದೊಂದು ಶಾಟ್‌ಗೂ ಬೆಳಕು ಬದಲಿಸಿ, ಕ್ಯಾಮೆರಾ ಜಾಗ ಬದಲಿಸಿ, ದೃಶ್ಯವನ್ನು ತುಂಡು ತುಂಡಾಗಿ ತೆಗೆಯುವುದು. ಮಲ್ಟಿ ಕ್ಯಾಮೆರಾ ನಾಟಕದ ದಾರಿ: ದೃಶ್ಯವನ್ನು ಶುರುವಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಆಡಿಸಿ, ಮೂರು ನಾಲ್ಕು ಕ್ಯಾಮೆರಾಗಳಲ್ಲಿ ಒಟ್ಟಿಗೆ ಹಿಡಿಯುವುದು.

ಹಂತ 1: ಕಣ್ಣಿಗೆ ಅಭ್ಯಾಸ ಮಾಡಿಸಿ

ಎರಡು ಎಪಿಸೋಡ್ ಆರಿಸಿಕೊಳ್ಳಿ. ಒಂದು ‘ಚಿಯರ್ಸ್’, ‘ಫ್ರೆಂಡ್ಸ್’, ‘ದಿ ಬಿಗ್ ಬ್ಯಾಂಗ್ ಥಿಯರಿ’ ಥರದ ಮಲ್ಟಿ ಕ್ಯಾಮೆರಾದ್ದು. ಇನ್ನೊಂದು ‘ಮಾಲ್ಕಮ್ ಇನ್ ದ ಮಿಡಲ್’, ‘ಅರೆಸ್ಟೆಡ್ ಡೆವಲಪ್‌ಮೆಂಟ್’, ‘ಬ್ರೂಕ್ಲಿನ್ ನೈನ್-ನೈನ್’ ಥರದ ಸಿಂಗಲ್ ಕ್ಯಾಮೆರಾದ್ದು. ಮೊದಲ ಐದು ನಿಮಿಷ ಸದ್ದು ಪೂರ್ತಿ ನಿಲ್ಲಿಸಿ ನೋಡಿ.

ಮೊದಲನೆಯದರಲ್ಲಿ ಸೋಫಾ ನಮ್ಮ ಕಡೆಗೇ ಮುಖ ಮಾಡಿರುತ್ತದೆ. ಊಟದ ಮೇಜಿನ ಸುತ್ತ ನಾಲ್ಕು ಜನ ಕೂತರೂ ನಮಗೆ ಬೆನ್ನು ತೋರಿಸುವ ಕುರ್ಚಿ ಹೆಚ್ಚಾಗಿ ಖಾಲಿ. ಬಾಗಿಲು ಹಿಂದುಗಡೆಯೋ ಪಕ್ಕದಲ್ಲೋ ಎದ್ದು ಕಾಣುವ ಜಾಗದಲ್ಲಿರುತ್ತದೆ, ಯಾಕೆಂದರೆ ಒಳಗೆ ಬರುವುದೇ ಅಲ್ಲೊಂದು ಘಟನೆ. ಎರಡನೆಯದರಲ್ಲಿ ಕ್ಯಾಮೆರಾ ಕೋಣೆಯ ಒಳಗೇ ಓಡಾಡುತ್ತದೆ. ಯಾರದ್ದೋ ಹೆಗಲ ಹಿಂದಿನಿಂದ ನೋಡುತ್ತದೆ. ಫ್ರಿಜ್ಜಿನ ಒಳಗಿಂದ ನೋಡುತ್ತದೆ. ನಾಲ್ಕು ಗೋಡೆಯೂ ಇವೆ ಅಂತ ನಂಬಿಕೆ ಬರುತ್ತದೆ.

ಆಮೇಲೆ ಕಣ್ಣು ಮುಚ್ಚಿ ಬರೀ ಕೇಳಿ. ಮಲ್ಟಿ ಕ್ಯಾಮೆರಾದ್ದು ಹೆಚ್ಚುಕಡಿಮೆ ರೇಡಿಯೋ ನಾಟಕದಂತೆ ಅರ್ಥವಾಗುತ್ತದೆ. ಮಾತು, ನಗು, ಮಾತು, ನಗು ಅಂತ ಒಂದು ಲಯ ಸಿಗುತ್ತದೆ. ಇನ್ನೊಂದರಲ್ಲಿ ಅರ್ಧ ಜೋಕುಗಳು ಕೈತಪ್ಪುತ್ತವೆ, ಯಾಕೆಂದರೆ ಅವು ಚಿತ್ರದಲ್ಲಿದ್ದವು. ಈ ಅಭ್ಯಾಸವನ್ನು ನಾಲ್ಕೈದು ಸಲ ಮಾಡಿದರೆ ಸಾಕು. ಮುಂದಿನ ಹಂತಗಳೆಲ್ಲ ಸಲೀಸಾಗುತ್ತವೆ.

ಹಂತ 2: ಈ ಎರಡು ದಾರಿ ಯಾಕೆ ಹುಟ್ಟಿದವು ಅಂತ ತಿಳಿದುಕೊಳ್ಳಿ

ಇತಿಹಾಸ ಬೇಡ ಅಂತ ದಾಟಿಹೋಗಬೇಡಿ. ಅವತ್ತಿನ ಕಾರಣಗಳೇ ಇವತ್ತಿಗೂ ಸೆಟ್ಟಿನಲ್ಲಿ ಕೆಲಸ ಮಾಡುತ್ತಿವೆ.

1950ರ ಸುಮಾರಿಗೆ ಅಮೆರಿಕದ ಟಿವಿ ಕಾರ್ಯಕ್ರಮಗಳು ಬಹುಪಾಲು ನ್ಯೂಯಾರ್ಕ್‌ನಿಂದ ನೇರಪ್ರಸಾರವಾಗುತ್ತಿದ್ದವು. ಪಶ್ಚಿಮ ಕರಾವಳಿಯವರಿಗೆ ಸಿಗುತ್ತಿದ್ದದ್ದು ಟಿವಿ ಪರದೆಯನ್ನೇ ಫಿಲ್ಮ್ ಕ್ಯಾಮೆರಾದಲ್ಲಿ ಹಿಡಿದ ಮಸುಕು ಪ್ರತಿ. ಹಾಸ್ಯನಟಿ ಲುಸಿಲ್ ಬಾಲ್ ಮತ್ತು ಅವರ ಪತಿ ಡೆಸಿ ಅರ್ನಾಜ್ ಹಾಲಿವುಡ್ ಬಿಟ್ಟು ಹೋಗಲು ಒಪ್ಪಲಿಲ್ಲ. ಹಾಲಿವುಡ್‌ನಲ್ಲೇ ಒಳ್ಳೆಯ 35 ಎಂಎಂ ಫಿಲ್ಮ್‌ನಲ್ಲಿ ತೆಗೆಯುತ್ತೇವೆ ಅಂದರು. ಆದರೆ ಲುಸಿಲ್ ಬಾಲ್ ಅವರ ಹಾಸ್ಯ ಅರಳುತ್ತಿದ್ದದ್ದು ಜನರ ಎದುರು. ಹಾಗಾಗಿ ಪ್ರೇಕ್ಷಕರೂ ಬೇಕು, ಫಿಲ್ಮೂ ಬೇಕು. 1951ರ ಅಕ್ಟೋಬರ್ 15ರಂದು ಸಿಬಿಎಸ್ ಚಾನೆಲ್‌ನಲ್ಲಿ ಶುರುವಾದ ‘ಐ ಲವ್ ಲೂಸಿ’ ಮೂರು ಫಿಲ್ಮ್ ಕ್ಯಾಮೆರಾಗಳನ್ನು ಒಟ್ಟಿಗೆ ಓಡಿಸಿ ಈ ಗಂಟನ್ನು ಬಿಡಿಸಿತು. ಹಲವು ಕ್ಯಾಮೆರಾ ಓಡಿಸುವ ಪ್ರಯೋಗ ಅದಕ್ಕೂ ಮೊದಲೇ ನಡೆದಿತ್ತು. ಆದರೆ ಸಿಟ್‌ಕಾಮ್‌ಗೆ ಅದೇ ಅಚ್ಚು ಅನ್ನುವಂತೆ ನಿಂತದ್ದು ಇಲ್ಲಿಂದ.

ಅದರ ಛಾಯಾಗ್ರಾಹಕರು ಕಾರ್ಲ್ ಫ್ರಾಯ್ಂಡ್, ಜರ್ಮನಿಯ ಮೂಕಿಚಿತ್ರಗಳ ಕಾಲದಲ್ಲೇ ಹೆಸರು ಮಾಡಿದ್ದವರು. ಅವರಿಗೆ ಎದುರಾದ ತೊಂದರೆ ಸರಳ, ಆದರೆ ಗಟ್ಟಿ. ಒಂದೇ ಶಾಟ್ ಆದರೆ ಬೆಳಕನ್ನು ಅದಕ್ಕೆ ತಕ್ಕ ಹಾಗೆ ತಿದ್ದಬಹುದು. ಮೂರು ಕ್ಯಾಮೆರಾ ಮೂರು ಕಡೆಯಿಂದ ಒಂದೇ ಹೊತ್ತಿನಲ್ಲಿ ನೋಡಿದರೆ ಒಬ್ಬರಿಗೆ ಚೆನ್ನಾಗಿ ಕಂಡದ್ದು ಇನ್ನೊಬ್ಬರಿಗೆ ನೆರಳು. ಆದ್ದರಿಂದ ಅವರು ಇಡೀ ಸೆಟ್ಟಿಗೆ ಸಮನಾದ ಬೆಳಕನ್ನು ಮೇಲಿನಿಂದ ಹರಡಿದರು. ಮಲ್ಟಿ ಕ್ಯಾಮೆರಾ ಸಿಟ್‌ಕಾಮ್‌ಗಳು ಇವತ್ತಿಗೂ ಹೊಳೆಯುವ ಹಗಲಿನಂತೆ ಕಾಣಲು ಕಾರಣ ಇದೇ.

1960ರ ದಶಕದಲ್ಲಿ ಗಾಳಿ ತಿರುಗಿತು. ‘ಬಿವಿಚ್ಡ್’ ಥರದ ಮಾಯಾಮಂತ್ರದ ಕಥೆಗಳಿಗೆ ಟ್ರಿಕ್ ಶಾಟ್ ಬೇಕಿತ್ತು. ಜನರ ಎದುರು ಒಂದೇ ಓಟದಲ್ಲಿ ಅದನ್ನು ಮಾಡಲು ಆಗುವುದಿಲ್ಲ. ಸಿಂಗಲ್ ಕ್ಯಾಮೆರಾ ಮುಂದೆ ಬಂತು. 1971ರಲ್ಲಿ ‘ಆಲ್ ಇನ್ ದ ಫ್ಯಾಮಿಲಿ’ ವಿಡಿಯೋ ಟೇಪ್‌ನಲ್ಲಿ, ಪ್ರೇಕ್ಷಕರ ಎದುರು, ಮನೆಯೊಳಗಿನ ಜಗಳಗಳನ್ನೇ ಹಿಡಿದು ಬಂದಾಗ ತಕ್ಕಡಿ ಮತ್ತೆ ಮಲ್ಟಿ ಕ್ಯಾಮೆರಾ ಕಡೆ ವಾಲಿತು. 2000ರ ನಂತರ ‘ಮಾಲ್ಕಮ್ ಇನ್ ದ ಮಿಡಲ್’ ಮತ್ತು ‘ದಿ ಆಫೀಸ್’ ಸಿಂಗಲ್ ಕ್ಯಾಮೆರಾಕ್ಕೆ ಹೊಸ ಜೀವ ಕೊಟ್ಟವು. ಪ್ರತಿ ಸಲವೂ ಕಥೆಯ ಅಗತ್ಯ ಮೊದಲು ಬಂತು, ಕ್ಯಾಮೆರಾ ಅದರ ಹಿಂದೆ ಹೋಯಿತು.

ಹಂತ 3: ನಿಮ್ಮ ನಗು ಎಲ್ಲಿ ಹುಟ್ಟುತ್ತದೆ ಅಂತ ಹುಡುಕಿ

ಈ ಬರಹದಲ್ಲಿ ಒಂದೇ ಹಂತ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ. ನಿಮ್ಮ ಕಥೆಯ ಒಂದು ದೃಶ್ಯ ತೆಗೆದುಕೊಂಡು ಎರಡೂ ರೀತಿಯಲ್ಲಿ ಬರೆಯಿರಿ. ನಾನು ಒಂದನ್ನು ಬರೆದು ತೋರಿಸುತ್ತೇನೆ.

ತಂಗಿಗೆ ಬೆಳಗ್ಗೆ ಇಂಟರ್‌ವ್ಯೂ ಇದೆ. ಅವಳ ಅಲಾರಂ ಗಡಿಯಾರವನ್ನು ಅಣ್ಣ ಬೀಳಿಸಿದ್ದಾನೆ. ಅದು ಈಗ ಹೊತ್ತುಗೊತ್ತಿಲ್ಲದೆ ಹೊಡೆದುಕೊಳ್ಳುತ್ತದೆ. ಅವನು ಅದನ್ನು ಮುಚ್ಚಿಡಬೇಕು.

ಮಲ್ಟಿ ಕ್ಯಾಮೆರಾಕ್ಕೆ ಬರೆದರೆ ಹೀಗೆ. ಹಾಲ್‌ನಲ್ಲಿ ಅಣ್ಣ ಒಬ್ಬನೇ ಇದ್ದಾನೆ. ಕೈಯಲ್ಲಿ ಗಡಿಯಾರ. ಬಾಗಿಲ ಸದ್ದಾಗುತ್ತದೆ. ಥಟ್ಟನೆ ಕೋಟಿನೊಳಗೆ ತುರುಕುತ್ತಾನೆ. ತಂಗಿ ಬರುತ್ತಾಳೆ.

ತಂಗಿ: ಅಣ್ಣಾ, ನನ್ನ ಅಲಾರಂ ನೋಡಿದ್ಯಾ?
ಅಣ್ಣ: ಇಲ್ವಲ್ಲ. ಯಾವ ಅಲಾರಂ?
(ಕೋಟಿನೊಳಗೆ ಅಲಾರಂ ಹೊಡೆಯುತ್ತದೆ. ಅಣ್ಣ ಕದಲುವುದಿಲ್ಲ. ತಂಗಿ ಅವನ ಎದೆಯನ್ನೇ ನೋಡುತ್ತಾಳೆ.)
ತಂಗಿ: ಏನದು?
ಅಣ್ಣ: ಎದೆ ಹೊಡ್ಕೊಳ್ತಿದೆ ಕಣೇ. ನಾಳೆ ನಿನ್ನ ಇಂಟರ್‌ವ್ಯೂ ಅಲ್ವಾ.

ಇಲ್ಲಿ ಗಮನಿಸಿ. ಗಡಿಯಾರ ಎಲ್ಲಿದೆ ಅಂತ ಎದುರಿಗೆ ಕೂತವರಿಗೆ ಮೊದಲೇ ಗೊತ್ತು. ತಂಗಿಗೆ ಮಾತ್ರ ಗೊತ್ತಿಲ್ಲ. ಅಲಾರಂ ಹೊಡೆದಾಗ ನಟ ಏನೂ ಮಾಡದೆ ನಿಲ್ಲುವ ಆ ಎರಡು ಮೂರು ಸೆಕೆಂಡಿನಲ್ಲಿ ನಗು ಉಕ್ಕುತ್ತದೆ. ಎಷ್ಟು ಹೊತ್ತು ನಿಲ್ಲಬೇಕು ಅಂತ ಹೇಳಿಕೊಡುವವರು ಜನರೇ. ಆಮೇಲೆ ‘ಎದೆ ಹೊಡ್ಕೊಳ್ತಿದೆ’ ಅನ್ನುವ ಮಾತು ಆ ನಗುವಿನ ಮೇಲೆ ಇನ್ನೊಂದು ಅಲೆ ಎಬ್ಬಿಸುತ್ತದೆ.

ಅದೇ ಕಥೆಯನ್ನು ಸಿಂಗಲ್ ಕ್ಯಾಮೆರಾಕ್ಕೆ ಬರೆದರೆ ಹೀಗೆ.

ಹಾಲ್, ರಾತ್ರಿ. ತಂಗಿ: ನನ್ನ ಅಲಾರಂ ನೋಡಿದ್ಯಾ? ಅಣ್ಣ: ಮುಟ್ಟಿಯೂ ಇಲ್ಲ.
ಹಿತ್ತಲು, ರಾತ್ರಿ. ಅಣ್ಣ ಮೊಣಕಾಲುದ್ದ ಗುಂಡಿ ತೋಡುತ್ತಿದ್ದಾನೆ. ಪಕ್ಕದಲ್ಲಿ ಟವೆಲ್ ಸುತ್ತಿದ ಗಡಿಯಾರ.
ಹಿತ್ತಲು, ಬೆಳಗಿನ ಜಾವ. ಸಮ ಮಾಡಿದ ಮಣ್ಣು, ಅದರ ಮೇಲೆ ಹೊಸದಾಗಿ ನೆಟ್ಟ ಹೂವಿನ ಗಿಡ. ಮಣ್ಣಿನೊಳಗಿಂದ ಅಲಾರಂ ಸದ್ದು. ಗಿಡ ಸಣ್ಣಗೆ ನಡುಗುತ್ತದೆ.
ಕೋಣೆ. ತಂಗಿ ಗಾಢ ನಿದ್ದೆಯಲ್ಲೇ ಕೈ ಚಾಚಿ ಖಾಲಿ ಮೇಜನ್ನು ತಟ್ಟುತ್ತಾಳೆ.

ಇಲ್ಲಿ ‘ಮುಟ್ಟಿಯೂ ಇಲ್ಲ’ ಅನ್ನುವುದು ಜೋಕೇ ಅಲ್ಲ. ಆ ಮಾತಿಗೆ ಗುಂಡಿಯ ಶಾಟ್ ತಗುಲಿದ ತಕ್ಷಣ ಅದು ಜೋಕಾಗುತ್ತದೆ. ನಗು ಇರುವುದು ಎರಡು ಶಾಟ್‌ಗಳ ಸಂದಿನಲ್ಲಿ. ಹಿತ್ತಲು ಬೇಕು, ಕತ್ತಲು ಬೇಕು, ನಡುಗುವ ಗಿಡ ಹತ್ತಿರದಿಂದ ಕಾಣಬೇಕು.

ನಿಮ್ಮ ದೃಶ್ಯದ ಯಾವ ರೂಪ ಬರೆಯುವಾಗ ನಿಮಗೇ ನಗು ಬಂತೋ, ಅದರ ಕಡೆ ಹೋಗಿ. ಮುಖಾಮುಖಿ, ಗುಟ್ಟು, ತಪ್ಪು ತಿಳುವಳಿಕೆ, ಮಾತಿನ ಏಟು ತಿರುಗೇಟು, ಇವು ನಿಮ್ಮ ಬಲವಾದರೆ ಮಲ್ಟಿ. ಕಟ್, ಹಿನ್ನೆಲೆಯಲ್ಲಿ ನಡೆಯುವ ಸಣ್ಣ ವಿಷಯ, ಮೌನ, ಒಂದು ಕ್ಷಣದ ಕಣ್ಣೋಟ, ಇವು ಬಲವಾದರೆ ಸಿಂಗಲ್.

ಹಂತ 4: ಜಾಗ ಮತ್ತು ದಿನಗಳ ಲೆಕ್ಕ ಹಾಕಿ

ಒಂದು ಹಾಳೆಯಲ್ಲಿ ಮೊದಲ ಆರು ಎಪಿಸೋಡ್‌ಗಳ ಕಥೆಗೆ ಬೇಕಾದ ಜಾಗಗಳನ್ನೆಲ್ಲ ಬರೆಯಿರಿ. ಎರಡು ಮೂರು ಜಾಗ ಮತ್ತೆ ಮತ್ತೆ ಬರುತ್ತಿವೆಯಾ? ಹಾಗಿದ್ದರೆ ಅವನ್ನು ಒಂದೇ ಸ್ಟೇಜಿನಲ್ಲಿ ಸಾಲಾಗಿ ಕಟ್ಟಿ, ಎದುರಿಗೆ ಜನರನ್ನು ಕೂರಿಸಬಹುದು. ಪಕ್ಕದಲ್ಲಿ ಒಂದು ಬದಲಿ ಸೆಟ್‌ಗೆ ಜಾಗ ಇಟ್ಟರೆ ಆ ವಾರದ ಆಸ್ಪತ್ರೆಯೋ ಅಂಗಡಿಯೋ ಅಲ್ಲಿ ಬರುತ್ತದೆ. ಪ್ರತಿ ಕಥೆಗೂ ಹತ್ತು ಹೊಸ ಜಾಗ ಬೇಕಾದರೆ ಸುಮ್ನೆ ಒದ್ದಾಡಬೇಡಿ, ಅದು ಸಿಂಗಲ್ ಕ್ಯಾಮೆರಾದ ಕಥೆ.

ಜಾಗ ಕಡಿಮೆ ಆದರೆ ಕಥೆ ಬಡವಾಗುತ್ತದೆ ಅಂತ ಅಂದುಕೊಳ್ಳಬೇಡಿ. ‘ಚಿಯರ್ಸ್’ ಮೊದಲ ಸೀಸನ್ ಪೂರ್ತಿ ಆ ಬಾರ್‌ನೊಳಗೇ ನಡೆಯುತ್ತದೆ. 1991ರಲ್ಲಿ ಬಂದ ‘ಸೈನ್‌ಫೆಲ್ಡ್’ನ ಒಂದು ಎಪಿಸೋಡ್‌ನಲ್ಲಿ ಮೂವರು ಚೀನೀ ರೆಸ್ಟೋರೆಂಟಿನಲ್ಲಿ ಮೇಜು ಸಿಗಲಿ ಅಂತ ಕಾಯುತ್ತಾರೆ. ಅಷ್ಟೇ ಕಥೆ, ಒಂದೇ ಜಾಗ. ಹೊರಗೆ ಹೋಗಲು ಆಗದಿರುವುದೇ ಅಲ್ಲಿ ಹಾಸ್ಯದ ಮೂಲ.

ದಿನಗಳ ಲೆಕ್ಕ ಇನ್ನೂ ನೇರ. ಸೆಟ್ ಒಮ್ಮೆ ಎದ್ದ ಮೇಲೆ ಮಲ್ಟಿ ಕ್ಯಾಮೆರಾ ಎಪಿಸೋಡ್‌ನ ಮುಖ್ಯ ಚಿತ್ರೀಕರಣ ಒಂದು ಅಥವಾ ಎರಡು ದಿನದಲ್ಲಿ ಮುಗಿಯುತ್ತದೆ. ವಾರದ ಉಳಿದ ದಿನ ರಿಹರ್ಸಲ್. ಸಿಂಗಲ್ ಕ್ಯಾಮೆರಾಕ್ಕೆ ಸಾಮಾನ್ಯವಾಗಿ ಐದು ದಿನ ಪೂರ್ತಿ ಚಿತ್ರೀಕರಣ, ಅದಕ್ಕೂ ಮೊದಲು ತಯಾರಿ, ಆಮೇಲೆ ಉದ್ದದ ಎಡಿಟಿಂಗ್. ಹಾಗಾಗಿ ಖರ್ಚೂ ಸಾಮಾನ್ಯವಾಗಿ ಜಾಸ್ತಿ. ಆದರೆ ಸೆಟ್ ಕಟ್ಟಲು ದುಡ್ಡಿಲ್ಲದ ಸಣ್ಣ ತಂಡಕ್ಕೆ ಲೆಕ್ಕ ತಿರುಗುಮುರುಗು. ಗೆಳೆಯರ ಮನೆ, ಒಂದು ಕ್ಯಾಮೆರಾ, ವಾರಾಂತ್ಯಗಳು ಇದ್ದರೆ ಸಿಂಗಲ್ ಕ್ಯಾಮೆರಾ ಮಾಡಬಹುದು. ಮಲ್ಟಿ ಕ್ಯಾಮೆರಾಕ್ಕೆ ಸ್ಟೇಜು, ಮೇಲಿನ ದೀಪಗಳು, ಕ್ಯಾಮೆರಾಗಳು, ಜನರು ಕೂರುವ ವ್ಯವಸ್ಥೆ ಎಲ್ಲವೂ ಮೊದಲ ದಿನವೇ ಬೇಕು.

ಹಂತ 5: ಸ್ಕ್ರಿಪ್ಟನ್ನು ಆ ಅಚ್ಚಿಗೆ ಬರೆಯಿರಿ

ಸಿಂಗಲ್ ಕ್ಯಾಮೆರಾ ಸ್ಕ್ರಿಪ್ಟ್ ಸಿನಿಮಾ ಸ್ಕ್ರಿಪ್ಟಿನಂತೆಯೇ ಇರುತ್ತದೆ. 22 ನಿಮಿಷದ ಎಪಿಸೋಡ್‌ಗೆ ಸುಮಾರು 30 ಪುಟ. ಮಲ್ಟಿ ಕ್ಯಾಮೆರಾದಲ್ಲಿ ಸಂಭಾಷಣೆಯ ಸಾಲುಗಳ ಮಧ್ಯೆ ಎರಡು ಪಟ್ಟು ಜಾಗ ಬಿಡುತ್ತಾರೆ. ಪ್ರತಿ ದೃಶ್ಯ ಹೊಸ ಪುಟದಿಂದ ಶುರು. ದೃಶ್ಯಗಳಿಗೆ ಎ, ಬಿ, ಸಿ ಅಂತ ಅಕ್ಷರ. ದೃಶ್ಯದಲ್ಲಿ ಯಾರ್ಯಾರು ಇದ್ದಾರೆ ಅನ್ನುವ ಪಟ್ಟಿ ತಲೆಬರಹದ ಕೆಳಗೇ. ಹೀಗಾಗಿ ಅಷ್ಟೇ ಉದ್ದದ ಎಪಿಸೋಡ್ 45 ಪುಟ ದಾಟಬಹುದು.

ಆ ಖಾಲಿ ಜಾಗ ಅಲಂಕಾರಕ್ಕಲ್ಲ. ವಾರವಿಡೀ ಜೋಕುಗಳು ಬದಲಾಗುತ್ತವೆ. ನಟರು, ಕ್ಯಾಮೆರಾದವರು, ಲೈಟಿನವರು ಎಲ್ಲರೂ ಪುಟದ ಮೇಲೆಯೇ ಪೆನ್ಸಿಲ್ ಆಡಿಸುತ್ತಾರೆ. ಒಂದು ದೃಶ್ಯದ ಪುಟ ಬದಲಾದರೆ ಇನ್ನೊಂದು ದೃಶ್ಯದ ಪುಟ ಕದಲಬಾರದು.

ನಮ್ಮ ಗಡಿಯಾರದ ದೃಶ್ಯವನ್ನೇ ನೋಡಿ. ಮಲ್ಟಿಯಲ್ಲಿ ಅದು ಒಂದೇ ದೃಶ್ಯ, ಎಳೆದರೆ ನಾಲ್ಕೈದು ಪುಟ ಹೋಗುತ್ತದೆ. ಅಲಾರಂ ಮತ್ತೆ ಹೊಡೆಯಬಹುದು, ಪಕ್ಕದ ಮನೆಯವರು ಬರಬಹುದು, ತಂಗಿ ಅಣ್ಣನನ್ನು ಅಪ್ಪಿಕೊಳ್ಳಲು ಮುಂದೆ ಬರಬಹುದು. ಸಿಂಗಲ್‌ನಲ್ಲಿ ಅದೇ ಕಥೆ ನಾಲ್ಕು ದೃಶ್ಯ, ಎಲ್ಲ ಸೇರಿ ಒಂದು ಪುಟವೂ ಇಲ್ಲ. ಇದೇ ಕಾರಣಕ್ಕೆ ಒಂದು ಅಚ್ಚಿಗೆ ಬರೆದ ಸ್ಕ್ರಿಪ್ಟನ್ನು ಇನ್ನೊಂದಕ್ಕೆ ಹಾಗೇ ಎತ್ತಿ ಕೂರಿಸಲು ಆಗುವುದಿಲ್ಲ.

ಹಂತ 6: ಮಲ್ಟಿ ಕ್ಯಾಮೆರಾ ದಾರಿ ಹಿಡಿದರೆ

ಸೆಟ್ಟಿನಿಂದ ಶುರು ಮಾಡಿ. ಪ್ರೇಕ್ಷಕರ ಕಡೆಗಿನ ನಾಲ್ಕನೇ ಗೋಡೆ ಇರುವುದಿಲ್ಲ. ಬಾಗಿಲುಗಳನ್ನು ಎಲ್ಲಿಡುತ್ತೀರಿ ಅನ್ನುವುದು ನಿಮ್ಮ ಹಾಸ್ಯದ ಅರ್ಧ ಕೆಲಸ. ಒಬ್ಬ ಒಂದು ಬಾಗಿಲಿಂದ ಹೋಗುವಾಗ ಇನ್ನೊಬ್ಬ ಇನ್ನೊಂದರಿಂದ ಬರುವಂತಿರಬೇಕು. ಸೋಫಾದ ಹಿಂದೆ ಜನ ನಡೆಯುವಷ್ಟು ಜಾಗ ಬಿಡಿ. ಇಲ್ಲದಿದ್ದರೆ ಎಲ್ಲರೂ ಒಂದೇ ಸಾಲಿನಲ್ಲಿ ನಿಂತುಬಿಡುತ್ತಾರೆ.

ಕ್ಯಾಮೆರಾಗಳು ಸೆಟ್ಟಿನ ಮುಂದೆ ಸಾಲಾಗಿ ನಿಲ್ಲುತ್ತವೆ. ಅಮೆರಿಕದ ಸೆಟ್‌ಗಳಲ್ಲಿ ಅವನ್ನು ಎ, ಬಿ, ಸಿ ಅಂತ ಕರೆದು, ನಾಲ್ಕನೆಯದಕ್ಕೆ ಎಕ್ಸ್ ಅಂತ ಹೆಸರಿಟ್ಟಿದ್ದಾರೆ. ತಿಳಿಯಬೇಕಾದ ಮುಖ್ಯ ಸೂತ್ರ ಒಂದೇ: ತುದಿಯ ಕ್ಯಾಮೆರಾಗಳು ಅಡ್ಡ ನೋಡುತ್ತವೆ. ಎಡತುದಿಯದು ಬಲಗಡೆ ನಿಂತವರ ಮುಖ ಹಿಡಿಯುತ್ತದೆ, ಬಲತುದಿಯದು ಎಡಗಡೆಯವರದ್ದು. ಮಧ್ಯದವು ಇಬ್ಬರನ್ನೂ ಅಥವಾ ಇಡೀ ಕೋಣೆಯನ್ನು. ನಮ್ಮ ದೃಶ್ಯದಲ್ಲಿ ಅಣ್ಣ ಎಡಗಡೆ ಇದ್ದರೆ, ಅಲಾರಂ ಹೊಡೆದಾಗ ಅವನ ಮುಖ ಬಲತುದಿಯ ಕ್ಯಾಮೆರಾಕ್ಕೆ ಸಿಗಬೇಕು. ತಂಗಿಯ ಅನುಮಾನದ ನೋಟ ಎಡತುದಿಯದಕ್ಕೆ. ಮಧ್ಯದ ಒಂದು ಕ್ಯಾಮೆರಾ ಇಬ್ಬರನ್ನೂ ಹಿಡಿದಿರಲೇಬೇಕು, ಯಾಕೆಂದರೆ ಒಬ್ಬ ಕದಲದೆ ನಿಂತಿರುವುದು, ಇನ್ನೊಬ್ಬಳು ಅವನ ಎದೆ ನೋಡುವುದು, ಎರಡೂ ಒಂದೇ ಚೌಕಟ್ಟಿನಲ್ಲಿ ಇದ್ದಾಗಲೇ ಮಜಾ. ಹೊಸಬರು ಕ್ಲೋಸಪ್‌ಗೆ ಬೇಗ ಓಡುತ್ತಾರೆ. ಇಬ್ಬರ ಶಾಟನ್ನು ನಂಬಿ ಅಂತ ನನ್ನ ಸಲಹೆ.

ಬೆಳಕಿನಲ್ಲೂ ಇದೇ ಅಡ್ಡ ಲೆಕ್ಕ ನಡೆಯುತ್ತದೆ. ಒಬ್ಬರ ಮುಖಕ್ಕೆ ಬೀಳುವ ಮುಖ್ಯ ದೀಪವೇ ಎದುರಿಗಿರುವವರ ಬೆನ್ನಿಗೆ ಅಂಚಿನ ಬೆಳಕಾಗುತ್ತದೆ. ಎಲ್ಲ ದೀಪ ಮೇಲಿನಿಂದ ಬರುವುದರಿಂದ ನೆಲ ಖಾಲಿ ಉಳಿಯುತ್ತದೆ, ಕ್ಯಾಮೆರಾ ಸಲೀಸಾಗಿ ಜರುಗುತ್ತದೆ.

ಇನ್ನು ವಾರದ ಓಟ. ಮೊದಲ ದಿನ ಎಲ್ಲರೂ ಮೇಜಿನ ಸುತ್ತ ಕೂತು ಸ್ಕ್ರಿಪ್ಟ್ ಓದುತ್ತಾರೆ. ಎಲ್ಲಿ ಯಾರೂ ನಗಲಿಲ್ಲವೋ ಅಲ್ಲಿ ಬರಹಗಾರರು ಗುರುತು ಹಾಕಿಕೊಂಡು ಅವತ್ತೇ ತಿದ್ದಲು ಕೂರುತ್ತಾರೆ. ಎರಡು ಮತ್ತು ಮೂರನೇ ದಿನ ಕ್ಯಾಮೆರಾ ಇಲ್ಲದೆ ರಿಹರ್ಸಲ್, ಸಂಜೆ ನಿರ್ಮಾಪಕರ ಎದುರು ಪೂರ್ತಿ ಓಟ, ಮತ್ತೆ ತಿದ್ದುಪಡಿ. ನಾಲ್ಕನೇ ದಿನ ಕ್ಯಾಮೆರಾಗಳು ಬರುತ್ತವೆ. ಒಂದೊಂದು ಸಾಲಿಗೂ ಯಾವ ಕ್ಯಾಮೆರಾ ಎಲ್ಲಿ ಅಂತ ಗೊತ್ತುಮಾಡಿ ನೆಲಕ್ಕೆ ಬಣ್ಣದ ಟೇಪ್ ಅಂಟಿಸುತ್ತಾರೆ. ಮಕ್ಕಳು, ಪ್ರಾಣಿಗಳು, ಕಾರಿನೊಳಗಿನ ದೃಶ್ಯ, ಬಿದ್ದು ಏಳುವ ಸಾಹಸ ಇದ್ದರೆ ಅವನ್ನು ಮೊದಲೇ ತೆಗೆದಿಟ್ಟು, ಜನರಿಗೆ ಆಮೇಲೆ ಪರದೆಯ ಮೇಲೆ ತೋರಿಸುತ್ತಾರೆ. ಐದನೇ ದಿನ ಸಂಜೆ ಜನ ಬರುತ್ತಾರೆ, ಸಾಮಾನ್ಯವಾಗಿ ಇನ್ನೂರು ಮುನ್ನೂರು ಮಂದಿ. ಟೇಕ್‌ಗಳ ಮಧ್ಯೆ ಅವರ ಉತ್ಸಾಹ ಇಳಿಯದಂತೆ ನೋಡಿಕೊಳ್ಳಲು ಒಬ್ಬ ಹಾಸ್ಯಗಾರ ಇರುತ್ತಾನೆ.

ಆ ರಾತ್ರಿ ಮೂರು ವಿಷಯ ಮರೆಯಬೇಡಿ.

ಒಂದು, ನಟರಿಗೆ ನಗು ಕಾಯಲು ಕಲಿಸಿ. ನಗು ಪೂರ್ತಿ ಅಡಗುವ ತನಕ ಕಾದರೆ ದೃಶ್ಯ ಸತ್ತುಹೋಗುತ್ತದೆ. ನಗುವಿನ ಮಧ್ಯೆಯೇ ಮಾತಾಡಿದರೆ ಮುಂದಿನ ಸಾಲು ಮುಳುಗುತ್ತದೆ. ಅಲೆ ಮೇಲೇರಿ ಇಳಿಯಲು ಶುರುವಾದ ಕೂಡಲೇ ಮುಂದಿನ ಮಾತು ಬರಬೇಕು. ಕದಲದೆ ನಿಲ್ಲುವುದೇ ಜೋಕಾಗಿರದಿದ್ದರೆ, ಅಲ್ಲಿಯವರೆಗೆ ನಟ ಸುಮ್ಮನೆ ನಿಲ್ಲದೆ ಪಾತ್ರದೊಳಗೇ ಏನಾದರೂ ಮಾಡುತ್ತಿರಬೇಕು. ‘ಎದೆ ಹೊಡ್ಕೊಳ್ತಿದೆ’ ಅಂದ ಮೇಲೆ ಬರುವ ನಗುವಿನಲ್ಲಿ ಅಣ್ಣ ಕೋಟಿನ ಗುಂಡಿ ಹಾಕಿಕೊಳ್ಳಲಿ.

ಎರಡು, ಪ್ರತಿ ದೃಶ್ಯವನ್ನು ಕನಿಷ್ಠ ಎರಡು ಸಲ ತೆಗೆಯಿರಿ, ಎರಡನೇ ಸಲಕ್ಕೆ ಕೆಲವು ಜೋಕು ಬದಲಿಸಿ. ಒಮ್ಮೆ ಕೇಳಿದ ಜೋಕಿಗೇ ಜನ ಎರಡನೇ ಸಲ ಅಷ್ಟೇ ಜೋರಾಗಿ ನಗುವುದಿಲ್ಲ. ಮೊದಲ ಸಲ ಯಾವುದಾದರೂ ಸಾಲು ಬಿದ್ದುಹೋದರೆ ಬರಹಗಾರರು ಅಲ್ಲೇ ಗುಂಪುಗೂಡಿ ಹೊಸದೊಂದನ್ನು ನಟರ ಕಿವಿಗೆ ಹಾಕುತ್ತಾರೆ. ಈ ಸೌಲಭ್ಯ ಬೇರೆ ಯಾವ ಮಾಧ್ಯಮದಲ್ಲೂ ಇಷ್ಟು ಬಿಸಿಬಿಸಿಯಾಗಿ ಸಿಗುವುದಿಲ್ಲ.

ಮೂರು, ಜನರ ಮಾತಿಗೆ ಕಿವಿ ಕೊಡಿ. 1998ರಲ್ಲಿ ‘ಫ್ರೆಂಡ್ಸ್’ ತಂಡ ಲಂಡನ್ನಿನಲ್ಲಿ ಪ್ರೇಕ್ಷಕರ ಎದುರು ಚಿತ್ರೀಕರಿಸಿದಾಗ, ಚಾಂಡ್ಲರ್ ಎಂಬ ಪಾತ್ರದ ಹಾಸಿಗೆಯಲ್ಲಿ ಹೊದಿಕೆಯಡಿಯಿಂದ ಅವನ ಗೆಳತಿಯರಲ್ಲೊಬ್ಬಳಾದ ಮೋನಿಕಾ ಮುಖ ಎತ್ತಿದ ಕ್ಷಣಕ್ಕೆ ಎದ್ದ ಕೂಗು ನಿಲ್ಲಲೇ ಇಲ್ಲ. ಆ ಜೋಡಿ ಮುಂದೆ ಇಡೀ ಸರಣಿಯ ಬೆನ್ನೆಲುಬಾಯಿತು.

ಹಂತ 7: ಸಿಂಗಲ್ ಕ್ಯಾಮೆರಾ ದಾರಿ ಹಿಡಿದರೆ

ಇಲ್ಲಿ ವಾರದ ರಿಹರ್ಸಲ್ ಇಲ್ಲ, ನಗುವ ಜನರಿಲ್ಲ. ಅವೆರಡರ ಕೆಲಸವನ್ನೂ ಮುಂಚಿನ ತಯಾರಿಯೇ ಮಾಡಬೇಕು.

ಮೊದಲು ಸ್ಕ್ರಿಪ್ಟನ್ನು ಬಿಡಿಸಿ. ಯಾವ ಜಾಗ, ಹಗಲೋ ರಾತ್ರಿಯೋ, ಯಾವ ನಟರು, ಯಾವ ಸಾಮಾನು. ಆಮೇಲೆ ಕಥೆಯ ಕ್ರಮ ಮರೆತು ಜಾಗದ ಕ್ರಮದಲ್ಲಿ ಜೋಡಿಸಿ. ಹಿತ್ತಲಿನ ರಾತ್ರಿ ಮತ್ತು ಹಿತ್ತಲಿನ ಬೆಳಗಿನ ಜಾವ ಒಂದೇ ಸರದಿಯಲ್ಲಿ ಮುಗಿಯಬೇಕು: ಕತ್ತಲಲ್ಲಿ ಗುಂಡಿ, ಬೆಳಕು ಹರಿಯುವಾಗ ಗಿಡ. ‘ಮುಟ್ಟಿಯೂ ಇಲ್ಲ’ ಅನ್ನುವ ಸಾಲನ್ನು ಮೂರು ದಿನ ಬಿಟ್ಟು ತೆಗೆಯಬಹುದು. ಹಾಗಾಗಿ ಅಣ್ಣನ ಉಗುರಿನಲ್ಲಿ ಯಾವಾಗ ಮಣ್ಣು ಇರಬೇಕು, ಯಾವಾಗ ಇರಬಾರದು ಅಂತ ಬರೆದಿಟ್ಟುಕೊಳ್ಳಲು ಒಬ್ಬರು ಬೇಕೇ ಬೇಕು.

ಶಾಟ್ ಪಟ್ಟಿ ಮಾಡುವಾಗ ಪ್ರತಿ ಜೋಕಿಗೂ ಒಂದು ಪ್ರಶ್ನೆ ಕೇಳಿ: ನೋಡುಗರಿಗೆ ವಿಷಯ ಗೊತ್ತಾಗುವ ಶಾಟ್ ಯಾವುದು? ಅದನ್ನು ಮೊದಲು ತೆಗೆಯಿರಿ, ಬೆಳಕು ಹೋಗುವ ಮುಂಚೆ, ನಟರು ಸುಸ್ತಾಗುವ ಮುಂಚೆ. ಗುಂಡಿಯ ದೃಶ್ಯಕ್ಕೆ ಅದು ದೂರದಿಂದ ತೆಗೆದ ಒಂದು ಶಾಟ್. ಮನೆಯ ಕತ್ತಲ ಆಕಾರ, ಪಕ್ಕದಲ್ಲಿ ಸಣ್ಣದಾಗಿ ಅಗೆಯುತ್ತಿರುವ ಮನುಷ್ಯ. ಕ್ಲೋಸಪ್ ಹಾಕಿದರೆ ಅವನ ಕಷ್ಟ ಕಾಣುತ್ತದೆ. ದೂರದಿಂದ ನೋಡಿದರೆ ಅವನ ಪೆದ್ದುತನ ಕಾಣುತ್ತದೆ. ನಮಗೆ ಬೇಕಾದದ್ದು ಎರಡನೆಯದು.

ಎರಡು ಕ್ಯಾಮೆರಾ ಇದ್ದರೆ ಎದುರುಬದುರು ಮಾತಾಡುವ ಇಬ್ಬರನ್ನೂ ಒಟ್ಟಿಗೆ ಹಿಡಿಯಿರಿ, ಮುಖ್ಯವಾಗಿ ನಟರು ಸ್ವಂತ ಮಾತು ಸೇರಿಸುವವರಾದರೆ. ‘ಕರ್ಬ್ ಯುವರ್ ಎಂತೂಸಿಯಾಸಮ್’ನಲ್ಲಿ ಸಂಭಾಷಣೆ ಬರೆದಿರುತ್ತಿರಲಿಲ್ಲ, ಕಥೆಯ ಹಂದರ ಮಾತ್ರ ಇರುತ್ತಿತ್ತು. ಅಂಥ ಕಡೆ ಒಬ್ಬರ ಮಾತಿಗೆ ಇನ್ನೊಬ್ಬರ ಮುಖ ಹೇಗಾಯಿತು ಅನ್ನುವುದು ಎರಡನೇ ಸಲ ಸಿಗುವುದಿಲ್ಲ. ಡಾಕ್ಯುಮೆಂಟರಿ ಶೈಲಿ ಆರಿಸಿದರೆ ಕ್ಯಾಮೆರಾ ಹಿಡಿದವರೂ ಒಂದು ಪಾತ್ರ. ಅವರು ಎಲ್ಲವನ್ನೂ ಮೊದಲೇ ತಿಳಿದವರಂತೆ ನಡೆದುಕೊಳ್ಳಬಾರದು. ಸದ್ದು ಕೇಳಿ ತಡವಾಗಿ ತಿರುಗಬೇಕು, ಬಾಗಿಲ ಸಂದಿಯಿಂದ ಇಣುಕಬೇಕು.

ಸೆಟ್ಟಿನಲ್ಲಿ ಯಾರೂ ನಗದಿದ್ದಾಗ ನಟರು ಹೆದರಿ ಜಾಸ್ತಿ ಮಾಡಲು ಶುರು ಮಾಡುತ್ತಾರೆ. ಅವರನ್ನು ತಗ್ಗಿಸಿ. ಪ್ರತಿ ಮುಖ್ಯ ಸಾಲನ್ನು ಒಮ್ಮೆ ಮಾಮೂಲಿಯಾಗಿ, ಒಮ್ಮೆ ಏನೂ ಆಗಿಲ್ಲವೆಂಬಂತೆ ಹೇಳಿಸಿ. ಎಡಿಟಿಂಗ್‌ನಲ್ಲಿ ಹತ್ತಕ್ಕೆ ಎಂಟು ಸಲ ಎರಡನೆಯದೇ ಗೆಲ್ಲುತ್ತದೆ ಅಂತ ನನಗನಿಸುತ್ತದೆ. ಎಡಿಟಿಂಗ್ ಮಾಡುವಾಗ ಒಂದು ಶಾಟ್ ಅರ್ಧ ಸೆಕೆಂಡ್ ಮುಂಚೆ ಕಟ್ ಆದರೆ ಹೇಗೆ, ಅರ್ಧ ಸೆಕೆಂಡ್ ತಡವಾದರೆ ಹೇಗೆ, ಎರಡೂ ಹಾಕಿ ನೋಡಿ. ‘ಮುಟ್ಟಿಯೂ ಇಲ್ಲ’ದ ಕೊನೆಯ ಅಕ್ಷರಕ್ಕೇ ಗುದ್ದಲಿಯ ಸದ್ದು ಬಡಿದರೆ ಒಂದು ನಗು. ಅಣ್ಣನ ಮುಖ ಒಂದು ಕ್ಷಣ ಉಳಿದು ಆಮೇಲೆ ಸದ್ದು ಬಂದರೆ ಬೇರೆಯೇ ನಗು.

ಹಂತ 8: ನಗುವಿನ ಸದ್ದು ಬೇಕೋ ಬೇಡವೋ

ಇದನ್ನು ಪ್ರತ್ಯೇಕವಾಗಿ ತೀರ್ಮಾನಿಸಿ. ಮಲ್ಟಿ ಕ್ಯಾಮೆರಾದಲ್ಲಿ ಕೇಳುವ ನಗುವೆಲ್ಲ ಡಬ್ಬಿಯದು, ಅಂದರೆ ಬೇರೆ ಕಡೆ ರೆಕಾರ್ಡ್ ಮಾಡಿ ಅಂಟಿಸಿದ್ದು, ಅನ್ನುವುದು ತಪ್ಪು. ಪ್ರೇಕ್ಷಕರ ತಲೆಯ ಮೇಲೆ ತೂಗುಹಾಕಿದ ಮೈಕ್‌ಗಳು ನಿಜವಾದ ನಗುವನ್ನೇ ಹಿಡಿಯುತ್ತವೆ. ಬೇರೆ ಬೇರೆ ಟೇಕ್ ಜೋಡಿಸಿದಾಗ ನಗು ತುಂಡಾಗುತ್ತದೆ. ಆ ಹೊಲಿಗೆ ಮುಚ್ಚಲು ಸ್ವಲ್ಪ ಸೇರಿಸಿ ತಿದ್ದುತ್ತಾರೆ. ಪೂರ್ತಿ ಕೃತಕ ನಗು ಜಾಸ್ತಿ ಬಳಕೆಯಾದದ್ದು 1960ರ ದಶಕದ ಸಿಂಗಲ್ ಕ್ಯಾಮೆರಾ ಸರಣಿಗಳಲ್ಲಿ. ಚಾರ್ಲ್ಸ್ ಡಗ್ಲಸ್ ಎಂಬ ಸೌಂಡ್ ಎಂಜಿನಿಯರ್ ರೆಕಾರ್ಡ್ ಮಾಡಿದ ನಗುಗಳನ್ನು ಕೀಲಿಮಣೆಯಿಂದ ನುಡಿಸುವ ಯಂತ್ರ ಮಾಡಿದ್ದರು.

‘ಮ್ಯಾಶ್’ ಇಲ್ಲಿ ಒಳ್ಳೆಯ ಪಾಠ. ಯುದ್ಧಭೂಮಿಯ ಆಸ್ಪತ್ರೆಯ ಕಥೆ, ಸಿಂಗಲ್ ಕ್ಯಾಮೆರಾ. ಆದರೂ ಚಾನೆಲ್ ನಗುವಿನ ಸದ್ದು ಬೇಕೆಂದಿತು. ಆಪರೇಷನ್ ಕೋಣೆಯ ದೃಶ್ಯಗಳಲ್ಲಿ ಮಾತ್ರ ನಗು ಬೇಡ ಅಂತ ಒಪ್ಪಂದವಾಯಿತು. ಬ್ರಿಟನ್ನಿನಲ್ಲಿ ಬಿಬಿಸಿ ಅದನ್ನು ನಗುವಿಲ್ಲದೆಯೇ ಪ್ರಸಾರ ಮಾಡಿತು. ಸಿಕ್ಕರೆ ಎರಡೂ ನೋಡಿ, ಒಂದೇ ಮಾತು ಎಷ್ಟು ಬೇರೆಯಾಗಿ ಕೇಳುತ್ತದೆ ಅಂತ ತಿಳಿಯುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟ. ಜನ ನಿಜವಾಗಿ ಕೂತು ನಕ್ಕಿದ್ದರೆ ಆ ನಗು ಇರಲಿ, ಅದು ಆಟದ ಭಾಗ. ಯಾರೂ ನಗದ ಜಾಗಕ್ಕೆ ನಗು ಅಂಟಿಸಬೇಡಿ. ಅದರಲ್ಲೂ ಸಿಂಗಲ್ ಕ್ಯಾಮೆರಾದಲ್ಲಿ ಗಿಡ ನಡುಗುವ ಶಾಟಿಗೆ ನಗು ಹಾಕಿದರೆ ಆ ಸಣ್ಣ ಅಲಾರಂ ಸದ್ದೇ ಕೇಳುವುದಿಲ್ಲ.

ಹಂತ 9: ಎರಡನ್ನೂ ಬೆರೆಸಬಹುದು, ಮಧ್ಯದಲ್ಲಿ ಬದಲಿಸಲೂಬಹುದು

ಮೊದಲ ಆಯ್ಕೆಯೇ ಕೊನೆಯದು ಅಂತ ಹೆದರಬೇಡಿ. ‘ದಿ ಆಡ್ ಕಪಲ್’ ಮೊದಲ ಸೀಸನ್ ಸಿಂಗಲ್ ಕ್ಯಾಮೆರಾ. ನಾಟಕದಿಂದ ಬಂದ ಕಥೆಗೆ ಜನರ ಎದುರೇ ಸರಿ ಅಂತ ಎರಡನೇ ಸೀಸನ್ನಿನಿಂದ ಮಲ್ಟಿಗೆ ಹೋಯಿತು. ‘ಹ್ಯಾಪಿ ಡೇಸ್’ ಕೂಡ ಎರಡು ಸೀಸನ್ ಸಿಂಗಲ್ ಆಗಿ ನಡೆದು ಮೂರನೆಯದರಿಂದ ಪ್ರೇಕ್ಷಕರ ಎದುರು ಬಂತು. ಬದಲಾದ ಮೇಲೆ ಅದರ ಸ್ವಭಾವವೇ ಬೇರೆಯಾಯಿತು. ಫಾನ್ಜಿ ಎಂಬ ಪಾತ್ರ ಬಾಗಿಲಲ್ಲಿ ಕಾಣಿಸಿದರೆ ಸಾಕು, ಚಪ್ಪಾಳೆ ಬೀಳುತ್ತಿತ್ತು.

‘ಹೌ ಐ ಮೆಟ್ ಯುವರ್ ಮದರ್’ ಮೂರನೇ ದಾರಿ ಕಂಡುಕೊಂಡಿತು. ಹಿಂದಿನ ನೆನಪಿಗೆ ಹಾರುವ ತುಂಡು ದೃಶ್ಯಗಳು ಅದರಲ್ಲಿ ತುಂಬಾ ಇದ್ದವು. ಜನರನ್ನು ಕೂರಿಸಿಕೊಂಡು ಅಷ್ಟೊಂದು ಸಲ ಬಟ್ಟೆ, ಸೆಟ್ ಬದಲಿಸಲು ಆಗುತ್ತಿರಲಿಲ್ಲ. ಹಲವು ಕ್ಯಾಮೆರಾಗಳಲ್ಲೇ, ಆದರೆ ಪ್ರೇಕ್ಷಕರಿಲ್ಲದೆ, ಮೂರು ದಿನ ಚಿತ್ರೀಕರಿಸಿದರು. ನಗುವನ್ನು ಆಮೇಲೆ ಸೇರಿಸಿದರು. ‘ಥರ್ಟಿ ರಾಕ್’ ಪೂರ್ತಿ ಸಿಂಗಲ್ ಕ್ಯಾಮೆರಾ ಸರಣಿ. ಆದರೂ 2010 ಮತ್ತು 2012ರಲ್ಲಿ ಒಂದೊಂದು ಎಪಿಸೋಡನ್ನು ಜನರ ಎದುರು ನೇರಪ್ರಸಾರ ಮಾಡಿತು, ಪೂರ್ವ ಮತ್ತು ಪಶ್ಚಿಮ ಕರಾವಳಿಗೆ ಎರಡು ಸಲ ಆಡಿ.

ಬೆರೆಸುವುದಾದರೆ ಒಂದು ಶಿಸ್ತು ಇಟ್ಟುಕೊಳ್ಳಿ. ಯಾವ ಜಾಗಕ್ಕೆ ಯಾವ ರೀತಿ ಅಂತ ಮೊದಲ ಎಪಿಸೋಡ್‌ನಲ್ಲೇ ನೋಡುಗರಿಗೆ ಗೊತ್ತಾಗಬೇಕು. ಮನೆಯೊಳಗೆ ಮಲ್ಟಿ, ಹೊರಗೆ ಸಿಂಗಲ್ ಅಂತಾದರೆ ಕೊನೆಯವರೆಗೆ ಹಾಗೇ ಇರಲಿ.

ಶುರು ಮಾಡುವ ಮುಂಚೆ ಒಂದು ಪರೀಕ್ಷೆ

ಸ್ಕ್ರಿಪ್ಟ್ ಮುಗಿದ ಮೇಲೆ ಹತ್ತು ಜನರನ್ನು ಒಂದು ಕೋಣೆಯಲ್ಲಿ ಕೂರಿಸಿ, ನಟರಿಂದ ಗಟ್ಟಿಯಾಗಿ ಓದಿಸಿ. ಕ್ರಿಯೆಯ ಸಾಲುಗಳನ್ನು ಓದಿಸಬೇಡಿ, ಬರೀ ಮಾತು. ಪಕ್ಕದಲ್ಲಿ ಕೂತು ಪ್ರತಿ ನಗುವಿಗೂ ಪುಟದ ಅಂಚಿನಲ್ಲಿ ಒಂದು ಗೆರೆ ಎಳೆಯಿರಿ. ಮರುದಿನ ಬೇರೆ ಹತ್ತು ಜನರಿಗೆ ಕ್ರಿಯೆಯ ಸಾಲುಗಳನ್ನೂ ಸೇರಿಸಿ ಓದಿಸಿ, ಇನ್ನೊಂದು ಬಣ್ಣದ ಪೆನ್ನಿನಲ್ಲಿ ಗೆರೆ ಹಾಕಿ. ಮೊದಲ ಬಣ್ಣವೇ ಪುಟ ತುಂಬಾ ಇದ್ದರೆ ಸ್ಟೇಜು ಹುಡುಕಲು ಹೊರಡಿ. ಎರಡನೇ ಬಣ್ಣ ಬಂದ ಮೇಲೆಯೇ ಪುಟ ತುಂಬಿದರೆ ಶಾಟ್ ಪಟ್ಟಿ ಬರೆಯಲು ಕೂರಿ. ಎರಡೂ ದಿನ ಅಂಚು ಖಾಲಿ ಉಳಿದಿದ್ದರೆ ಕ್ಯಾಮೆರಾ ಮಾತು ಬಿಟ್ಟು ದೃಶ್ಯವನ್ನೇ ಇನ್ನೊಮ್ಮೆ ಬರೆಯಿರಿ.